ಬರೀ ತೊಳೆಯುವ ಶಾಂಪೂ

ನಮ್ಮ ಕಾಕಾ ಅವರ ತಲೆಯ ಮೇಲೆ ಹೆಸರಿಗೂ ಒಂದು ಕೂದಲಿಲ್ಲ. ಆದರೆ ಅಥಣಿಯಿಂದ ನಿಪ್ಪಾಣಿಯವರೆಗೆ ಯಾರ ತಲೆಯಲ್ಲಿ ಎಂಥ ಕೂದಲಿದೆ, ಅದರ ಮೇಲೆ ಏನೇನು ಮೆತ್ತಿಕೊಂಡಿದೆ, ಅದನ್ನು ಬಿಡಿಸುವ ಬಗೆ ಯಾವುದು ಎಂಬ ಚಿಂತೆಯೆಲ್ಲ ಅವರೊಬ್ಬರದೇ! ಈ ಭಾಗದ ಜನರೆಲ್ಲ ತಮ್ಮ ತಲೆಯ ಭಾರವನ್ನು ಅವರ ಬೋಳು ನೆತ್ತಿಯ ಮೇಲಿಟ್ಟು ಹಾಯಾಗಿ ಓಡಾಡಿಕೊಂಡಿದ್ದಾರೆ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

"ತಲಿ ಮ್ಯಾಲೆ ಒಂದು ಎಳಿ ಇಲ್ಲ, ನಿಮಗ್ಯಾಕ್ರಿ ಮಂದಿ ಕೂದಲದ ಉಸಾಬರಿ?" ಎಂದು ಅವರ ಹೆಂಡತಿ, ನಮ್ಮ ಕಾಕು, ದಿನಾ ಕೇಳುತ್ತಾರೆ.

ಕಾಕಾ ಅವರ ಉತ್ತರವೂ ದಿನಾ ಒಂದೇ. "ಅದಕ್ಕ ನಾನ ಹೇಳಬೇಕು. ನ್ಯಾಯ ಹೇಳಾಂವಂದು ಆ ಜಗಳದಾಗ ಪಾಲು ಇರಬಾರದು."

ಇಂಥವರ ಜೊತೆ ಏನು ವಾದ ಮಾಡುತ್ತೀರಿ?

ಕಾಕಾ ಅಥಣಿಯ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದರು. ಪಾಲಿಮರ್ ಪಾಠಕ್ಕೆ ಬಂದರೆ ಸಾಕು, ಹಿಂದಿನ ಬೆಂಚಿನಿಂದ ಶುರುವಾದ ನಿದ್ದೆ ಮುಂದಿನ ಬೆಂಚಿಗೆ ಬರಲು ಹೆಚ್ಚು ಹೊತ್ತು ಹಿಡಿಯುತ್ತಿರಲಿಲ್ಲವಂತೆ. ನಿವೃತ್ತಿ ಎಂಬ ಕಾಯಂ ಸೂಟಿ, ಅಂದರೆ ರಜೆ, ಸಿಕ್ಕು ಮನೆಯಲ್ಲಿ ಕೂತ ಮೇಲೆ, ಒಂದು ದಿನ ನೀರು ಕಾಯುವುದನ್ನು ಕಾಯುತ್ತ ಬಚ್ಚಲ ಮನೆಯಲ್ಲಿ ನಿಂತವರು, ಬೇಜಾರಿಗೆ ಕಾಕು ಅವರ ಶಾಂಪೂ ಬಾಟಲಿಯ ಹಿಂಭಾಗ ಓದಿದರು. ಅಲ್ಲಿ ಇರುವೆ ಸಾಲಿನಂಥ ಅಕ್ಷರಗಳ ನಡುವೆ 'ಪಾಲಿಕ್ವಾಟರ್ನಿಯಮ್' ಎಂಬ ಹೆಸರು ಕಂಡಿತು. ಅಷ್ಟೇ! ಟವೆಲ್ಲಿನಲ್ಲೇ ಹೊರಗೆ ಓಡಿ ಬಂದು, "ಏ, ನಾ ಕಲಿಸಿದ್ದ ಪಾಠ ನಿನ್ನ ತಲಿ ಮ್ಯಾಲೆ ಕುಂತೈತಿ!" ಎಂದು ಕೂಗಿದರು. ಕಾಕು ಗಾಬರಿಯಾಗಿ ಸೆರಗಿನಿಂದ ತಲೆ ಝಾಡಿಸಿಕೊಂಡರು. ಹಲ್ಲಿ ಬಿದ್ದಿರಬೇಕು ಎಂದುಕೊಂಡರಂತೆ.

ಅಂದಿನಿಂದ ಆ ಮನೆಯಲ್ಲಿ ಶಾಂತಿ ಇಲ್ಲ. ಕಾಕು ಈಗ ಹಾಲು ಕುಡಿಯಲು ಬಂದ ಬೆಕ್ಕನ್ನು ಓಡಿಸುವುದೂ ಅದೇ ಹೆಸರಿನಿಂದ. "ಹಚಾ! ಪಾಲಿಕ್ವಾಟರ್ನಿಯಮ್ಮ! ಮತ್ತ ಬಂದ್ಯಾ?"

ವಿಷಯ ಏನೆಂದರೆ, ಕೂದಲಿಗೆ ಮೆತ್ತಗಿರಲಿ, ಮಿಂಚಲಿ ಎಂದು ಶಾಂಪೂ ಮತ್ತು ಕಂಡೀಷನರ್‌ಗಳಲ್ಲಿ ಹಾಕುವ ಪಾಲಿಮರ್‌ಗಳಿರುತ್ತವಲ್ಲ, ಅವು ಕೆಲವೊಮ್ಮೆ ಪೂರಾ ತೊಳೆದು ಹೋಗುವುದಿಲ್ಲ. ನನ್ನ ತಮ್ಮನಿಗೆ ಐನಾಪುರದಲ್ಲಿ ದ್ರಾಕ್ಷಿ ತೋಟವಿದೆ. ಅವನಿಗೆ ಕಾಕಾ ತಿಳಿಸಿ ಹೇಳಿದ ರೀತಿ ಕೇಳಿ.

"ಹಸಿ ಕೂದಲಕ್ಕ ಋಣ ವಿದ್ಯುತ್ತು, ಈ ಮಾಲಿಗೆ ಧನ ವಿದ್ಯುತ್ತು. ಒಂದಕ್ಕೊಂದು ನೋಡಿದ ಕೂಡ್ಲೆ ತೆಕ್ಕಿ ಬೀಳ್ತಾವ. ಬರೀ ನೀರಿಗೆ ಬಿಡಂಗಿಲ್ಲ. ಮುಂದಿನ ವಾರ ಅದರ ಮ್ಯಾಲೆ ಇನ್ನೊಂದು ಪದರ. ಅದರ ಮ್ಯಾಲೆ ಮತ್ತೊಂದು. ನೀ ದ್ರಾಕ್ಷಿಗೆ ಔಷಧ ಹೊಡಿಯುವಾಗ ಸ್ಟಿಕ್ಕರ್ ಹಾಕ್ತೀಯಲ್ಲೋ, ಮಳಿ ಬಂದ್ರೂ ಎಲಿ ಬಿಡಬಾರದಂತ? ಇದು ಅದರ ತಂಗಿ."

"ಹಂಗಾರ ಚಲೋನ ಆತಲ್ಲ ಕಾಕಾ, ರೋಗ ಬರಂಗಿಲ್ಲ" ಎಂದ ತಮ್ಮ.

"ಲೇ, ನಿನ್ನ ತಲಿಗೆ ದ್ರಾಕ್ಷಿ ಬೂದಿ ರೋಗ ಬರ್ತೈತೇನೋ!"

ಕಾಗವಾಡದಲ್ಲಿ ನಮ್ಮ ಸಂಬಂಧಿಕರ ಮದುವೆ. ಕಾಕಾ ಅಕ್ಷತೆ ಹಾಕಿ, ಹಿರಿಯರ ರೀತಿಗೆ ವಧುವಿನ ತಲೆ ಸವರಿದರು. ಸವರಿದ ಕೈ ಅಲ್ಲಿಯೇ ನಿಂತಿತು. ಹೆಬ್ಬೆರಳು ತೋರುಬೆರಳಿನ ನಡುವೆ ಒಂದು ಎಳೆ ಹಿಡಿದು, ಜರಿ ಅಸಲಿಯೋ ನಕಲಿಯೋ ನೋಡುವಂತೆ ಉಜ್ಜಿ, ಗಂಭೀರವಾಗಿ, "ಇದರಾಗ ಸಿಲಿಕೋನ್ ಬಾಳ ಕುಂತೈತಿ" ಎಂದುಬಿಟ್ಟರು! ಗಂಡಿನ ಕಡೆಯವರು ಗಡಿಯಾಚೆಯ ಮಂದಿ, ಮನೆಮಾತು ಮರಾಠಿ. ವರನ ತಾಯಿ ಮುಖ ಸಣ್ಣದು ಮಾಡಿ, "ಕಾಯ್ ಮ್ಹಣತಾತ ತೇ?" ಎಂದು ಕೇಳಿದರು. ಇವರು ಏನನ್ನುತ್ತಿದ್ದಾರೆ, ಹುಡುಗಿಗೆ ಏನಾದರೂ ಕಾಯಿಲೆಯೇ ಎಂಬ ಅನುಮಾನ ಆ ಮುಖದ ತುಂಬ. ಕಾಕು ಮುಂದೆ ಬಂದು ಕೈಮುಗಿದು ಹೇಳಿದರು: "ಆಶೀರ್ವಾದರಿ ಅದು, ಸಂಸ್ಕೃತದಾಗ!"

ಚಿಕ್ಕೋಡಿಗೆ ನನ್ನ ಮನೆಗೆ ಬಂದರೆ ಕಾಕಾ ಮೊದಲು ಹೋಗುವುದು ಪೇಟೆಯ ಜನರಲ್ ಸ್ಟೋರ್ಸಿಗೆ. ಏನನ್ನೂ ಕೊಳ್ಳುವುದಿಲ್ಲ. ಕನ್ನಡಕವನ್ನು ಹಣೆಗೇರಿಸಿ, ಒಂದೊಂದೇ ಬಾಟಲಿ ತಿರುವಿ ಹಿಂದಿನ ಅಕ್ಷರ ಓದುತ್ತ ನಿಲ್ಲುತ್ತಾರೆ. ನಡುನಡುವೆ "ಛೇ ಛೇ", "ಇವನೂ ಕೆಟ್ಟ", "ಅಯ್ಯೋ ಪಾಪ" ಎಂಬ ಉದ್ಗಾರ ಬೇರೆ. ಅಂಗಡಿಯವನು ಒಮ್ಮೆ ತಾಳ್ಮೆಗೆಟ್ಟು, "ಸರ, ಇದು ಲೈಬ್ರರಿ ಅಲ್ರಿ" ಎಂದ. "ಗೊತ್ತೈತಪ್ಪಾ. ಲೈಬ್ರರಿಯಾಗ ಆದ್ರ ಕುಂದ್ರಾಕ ಖುರ್ಚಿ ಕೊಡ್ತಾರ" ಎಂದರು ಕಾಕಾ. ಮುಂದಿನ ಸಲದಿಂದ ಆ ಅಂಗಡಿಯಲ್ಲಿ ಅವರಿಗೊಂದು ಸ್ಟೂಲು ಇರುತ್ತದೆ!

ಇಂಥ ಮನುಷ್ಯನನ್ನು ನಾವು ನಗುತ್ತ ಸಹಿಸಿಕೊಂಡಿದ್ದೆವು. ಅವ್ವನ ಕೂದಲಿನ ಪ್ರಸಂಗ ಬರುವವರೆಗೆ.

ನಮ್ಮ ಅವ್ವ ಐನಾಪುರದಲ್ಲಿ ತಮ್ಮನ ಮನೆಯಲ್ಲಿರುತ್ತಾಳೆ. ಕಾಕಾ ಅವರಿಗೆ ಅಣ್ಣನ ಹೆಂಡತಿ, ಅಂದರೆ ವೈನಿ. ಅವ್ವನ ಕೂದಲು ಮೊದಲಿನಿಂದಲೂ ಊರಿಗೆಲ್ಲ ಹೆಸರುವಾಸಿ. ಬಿಚ್ಚಿದರೆ ಮೊಣಕಾಲು, ಕಟ್ಟಿದರೆ ತೆಂಗಿನಕಾಯಿ ಗಾತ್ರದ ತುರುಬು. ಪೂರಾ ಬೆಳ್ಳಗಾದ ಮೇಲೂ ಅದರ ಠೀವಿ ಇಳಿದಿರಲಿಲ್ಲ. ಅದಕ್ಕೆ ಈ ವರ್ಷ ಏನಾಯಿತೋ, ಜೋತು ಬಿತ್ತು. ತೊಳೆದರೂ ತೊಳೆಯದ ಹಾಗೆ ನೆತ್ತಿಗೆ ಅಂಟಿಕೊಂಡಿತು. ಮುಂಜಾನೆ ಎರೆದುಕೊಂಡರೆ ಹೊತ್ತು ಮುಳುಗಿದರೂ ಆರುವುದಿಲ್ಲ. ಎಣ್ಣೆ ಹಚ್ಚಿದರೆ ಒಳಗಿಳಿಯದೆ ಮೇಲೆಯೇ ನಿಲ್ಲುತ್ತದೆ. ಬಾಚಣಿಗೆಯ ಹಲ್ಲುಗಳಲ್ಲಿ ಮೇಣದಂಥ ಬಿಳಿ ಜಿಡ್ಡು. ಸಾಲದ್ದಕ್ಕೆ ಅವ್ವನ ಬಲಗೈ ಹೆಗಲಿನಿಂದ ಮೇಲೇಳುವುದಿಲ್ಲ, ತುರುಬು ಕಟ್ಟಿಕೊಳ್ಳಲು ಆಗುವುದಿಲ್ಲ.

ಮನೆಯಲ್ಲಿ ಎಲ್ಲರೂ ಸೇರಿ ತೀರ್ಮಾನ ಮಾಡಿದರು: ಕುತ್ತಿಗೆಯವರೆಗೆ ಕತ್ತರಿಸಿಬಿಡುವುದು. ಕಾಗವಾಡದಿಂದ ಬ್ಯೂಟಿ ಪಾರ್ಲರ್ ನಡೆಸುವ ಅಕ್ಕ ಮನೆಗೇ ಬರಲು ಒಪ್ಪಿದಳು. ಒಮ್ಮೆ ಬಂದು ನೋಡಿ, "ವಯಸ್ಸಾತ್ರಿ, ಕೂದಲ ಸತ್ತಾವ" ಎಂದು ಹೇಳಿಯೂ ಹೋಗಿದ್ದಳು.

"ಕತ್ತರಸ್ರಿ. ಇಟಗೊಂಡು ಏನ್ ಮಾಡೂದೈತಿ" ಎಂದಳು ಅವ್ವ. ಹೇಳಿದ ದನಿ ಗಟ್ಟಿಯಾಗಿಯೇ ಇತ್ತು. ಆದರೆ ಆ ದಿನವೆಲ್ಲ ಅವಳು ಸೆರಗನ್ನು ತಲೆಯಿಂದ ಇಳಿಸಲಿಲ್ಲ.

ನಾನು ಈ ಸುದ್ದಿಯನ್ನು ಫೋನಿನಲ್ಲಿ ಕಾಕುಗೆ ಹೇಳಿದೆ. ಕಾಕುಗೆ ಹೇಳಿದರೆ ಕಾಕಾಗೆ ಹೇಳಿದಂತೆಯೇ ತಾನೆ?

ರವಿವಾರ ಮುಂಜಾನೆ ನಾನೂ ಐನಾಪುರಕ್ಕೆ ಬಂದಿದ್ದೇನೆ. ಅವ್ವ ಪಡಸಾಲೆಯಲ್ಲಿ ಕುರ್ಚಿಯ ಮೇಲೆ ಕುಳಿತಿದ್ದಾಳೆ. ಕೊರಳಿಗೆ ಹಳೆಯ ಬೆಡ್‌ಶೀಟು ಸುತ್ತಿದೆ. ಪಾರ್ಲರ್ ಅಕ್ಕ ಕತ್ತರಿ ತೆಗೆದಿದ್ದಾಳೆ. ಆಗ ಹೊರಗೆ ಫಟಫಟ ಎಂದು ಹಳೆಯ ಸ್ಕೂಟರ್ ನಿಂತ ಸಪ್ಪಳ. ಹೆಲ್ಮೆಟ್ ತೆಗೆಯುವ ವ್ಯವಧಾನವೂ ಇಲ್ಲದೆ ಕಾಕಾ ಒಳನುಗ್ಗಿದರು.

"ಕತ್ತರಿ ಕೆಳಗಿಡ್ರಿ!"

ಪಾರ್ಲರ್ ಅಕ್ಕ ಕಳ್ಳ ಬಂದನೆಂದು ಕತ್ತರಿಯನ್ನು ಮುಂದೆ ಚಾಚಿ ನಿಂತಳು. ಪರಿಚಯ ಮಾಡಿಸುವಷ್ಟರಲ್ಲಿ ನಮಗೆ ಸಾಕುಬೇಕಾಯಿತು.

ಕಾಕಾ ವೈನಿಯ ಕಾಲು ಮುಟ್ಟಿ ನಮಸ್ಕಾರ ಮಾಡಿ, ಅಪ್ಪಣೆ ಕೇಳಿ, ಕೂದಲಿನ ತುದಿಯನ್ನು ಬೆರಳಲ್ಲಿ ಉಜ್ಜಿದರು. "ಯಾರಂದ್ರು ಸತ್ತಾವಂತ? ಕೌದಿ ಮ್ಯಾಲೆ ಕೌದಿ ಹೊತ್ಕೊಂಡು ಮಲಗ್ಯಾವ!"

"ನಾ ಇಷ್ಟು ವರ್ಷ ಪಾರ್ಲರ್ ನಡಸಾಕತ್ತೀನ್ರಿ ಸರ, ನನಗ ಗೊತ್ತಾಗಂಗಿಲ್ಲೇನು?" ಎಂದು ಪಾರ್ಲರ್ ಅಕ್ಕನಿಗೆ ಸಿಟ್ಟು ಬಂತು. "ಪುರಾವೆ ಏನೈತ್ರಿ?"

ಪುರಾವೆ! ರಸಾಯನಶಾಸ್ತ್ರದ ಮೇಷ್ಟ್ರಿಗೆ ಪುರಾವೆ ಕೇಳಬಹುದೇ? ಕಾಕಾ ಜೇಬಿನಿಂದ ಕೆಂಪು ಶಾಯಿಯ ಬಾಟಲಿ ತೆಗೆದರು. ಎಲ್ಲ ಸಿದ್ಧತೆ ಮಾಡಿಕೊಂಡೇ ಬಂದಿದ್ದಾರೆ ಪುಣ್ಯಾತ್ಮರು! ಶಾಯಿಯ ಬಣ್ಣಕ್ಕೆ ಋಣ ವಿದ್ಯುತ್ತಂತೆ. ಕೂದಲಿನ ಮೇಲೆ ಪಾಲಿಮರ್ ಕುಳಿತಿದ್ದರೆ ಬಣ್ಣ ಹೋಗಿ ಅದಕ್ಕೆ ಅಂಟಿಕೊಳ್ಳುತ್ತದೆ, ಇಲ್ಲದಿದ್ದರೆ ತೊಳೆದರೆ ಹೋಗುತ್ತದೆ. ಹೋಲಿಸಿ ನೋಡಲು ಯಾವ ಶಾಂಪೂವನ್ನೂ ಕಾಣದ ಒಂದು ಬಿಳಿ ಕೂದಲು ಬೇಕು. ಈ ಕಾಲದಲ್ಲಿ ಅಂಥ ಕೂದಲು ಎಲ್ಲಿಂದ ತರುವುದು?

ಕಾಕಾ ಅವರ ಕಣ್ಣು ಕೊಟ್ಟಿಗೆಯ ಕಡೆ ಹೋಯಿತು. ತಮ್ಮನ ಬಿಳಿಯ ಖಿಲಾರಿ ಎತ್ತು ಬಾಲ ಬೀಸುತ್ತ ನಿಂತಿತ್ತು.

ಬಾಲದಿಂದ ಒಂದು ಕೂದಲು ಕೀಳುವ ಕಾರ್ಯಕ್ರಮವನ್ನು ವರ್ಣಿಸಲಾರೆ. ಎತ್ತಿಗೆ ವಿಜ್ಞಾನದಲ್ಲಿ ಆಸಕ್ತಿ ಇರಲಿಲ್ಲ ಎಂದಷ್ಟೇ ಹೇಳುತ್ತೇನೆ. ಕಾಕಾ ಅವರ ಹೆಲ್ಮೆಟ್ ಆ ದಿನ ರಸ್ತೆಗಿಂತ ಕೊಟ್ಟಿಗೆಯಲ್ಲೇ ಹೆಚ್ಚು ಉಪಯೋಗಕ್ಕೆ ಬಂತು.

ಎರಡು ಲೋಟ, ಎರಡರಲ್ಲೂ ತಿಳಿಗೆಂಪು ನೀರು. ಒಂದರಲ್ಲಿ ಅವ್ವನ ಬಾಚಣಿಗೆಯಿಂದ ತೆಗೆದ ಎಳೆ, ಇನ್ನೊಂದರಲ್ಲಿ ಎತ್ತಿನದು. ಸ್ವಲ್ಪ ಹೊತ್ತು ಬಿಟ್ಟು ಎರಡನ್ನೂ ತೊಳೆದು ಬಿಳಿ ಬಟ್ಟೆಯ ಮೇಲೆ ಇಟ್ಟರು. ಎತ್ತಿನ ಕೂದಲು ಬೆಳ್ಳಗೇ ಇತ್ತು. ಅವ್ವನ ಕೂದಲು ಗುಲಾಬಿ!

"ಎತ್ತು ಪಾಸು! ವೈನಿ ಫೇಲು!" ಕಾಕಾ ಪಡಸಾಲೆ ಹಾರಿ ಹೋಗುವಂತೆ ಘೋಷಿಸಿದರು.

"ಕಡೀಕ ಎತ್ತಿಗಿಂತ ಕಡಿಮಿ ಆದ್ನಿ ನೋಡವಾ" ಎಂದು ಅವ್ವ ನನ್ನ ಮುಖ ನೋಡಿದಳು. ಎಷ್ಟೋ ದಿನಗಳ ನಂತರ ಅವಳ ತುಟಿಯ ಮೇಲೆ ನಗು ಕಂಡಿತು.

ಕಾರಣವೂ ಹೊರಬಂತು. ತಮ್ಮನ ಮಗಳು ಅಂಕಿತಾ, ಕಾಲೇಜಿಗೆ ಹೋಗುವ ಹುಡುಗಿ, ಆಯಿಯ, ಅಂದರೆ ಅಜ್ಜಿಯ, ತಲೆ ಎರೆಯುವ ಕೆಲಸ ಅವಳದು. ಪ್ರತಿ ಸಲವೂ ಮೆತ್ತಗೆ ಮಾಡುವ ಶಾಂಪೂ, ಅದರ ಮೇಲೆ ಕಂಡೀಷನರ್, ಅದರ ಮೇಲೆ ತೊಳೆಯದೆ ಬಿಡುವ ಕ್ರೀಮು, ಅದೂ ಕೈತುಂಬ! ಕಾಕಾ ಆ ಮೂರೂ ಬಾಟಲಿಗಳನ್ನು ಸಾಲಾಗಿ ನಿಲ್ಲಿಸಿ ಪಾಠ ಮಾಡಿದರು. ಅಂಕಿತಾ ತಲೆ ತಗ್ಗಿಸಿ ಕೇಳಿದಳು. ಅವರ ಜೀವಮಾನದಲ್ಲಿ ಯಾರೂ ನಿದ್ದೆ ಮಾಡದ ಮೊದಲ ಪಾಲಿಮರ್ ಪಾಠ ಅದೇ ಇರಬೇಕು.

"ಒಂದ ವಾರ ಟೈಮ್ ಕೊಡ್ರಿ" ಎಂದರು ಪಾರ್ಲರ್ ಅಕ್ಕನಿಗೆ.

"ಬರೂ ರವಿವಾರ ಬರ್ತೀನ್ರಿ. ಆದ್ರ ಕತ್ತರಿ ಮನ್ಯಾಗ ಬಿಟ್ಟು ಬರಂಗಿಲ್ಲ" ಎಂದು ಅವಳೂ ಸವಾಲು ಹಾಕಿಯೇ ಹೋದಳು.

ಆ ವಾರ ಐನಾಪುರದಲ್ಲಿ ಸಲಹೆಗಳ ಸುಗ್ಗಿ. ಒಬ್ಬರು ಮೊಸರು ತಂದರು, ಇನ್ನೊಬ್ಬರು ಲಿಂಬೆಹಣ್ಣು, ಮತ್ತೊಬ್ಬರು ಅಡುಗೆ ಸೋಡಾ. ರಾಯಬಾಗದ ಬೀಗರು ಫೋನ್ ಮಾಡಿ ಕೋಳಿಯ ತತ್ತಿ ಹಚ್ಚಲು ಹೇಳಿದರು. ಕಾಕಾ ಒಂದನ್ನೂ ಒಳಗೆ ಬಿಡಲಿಲ್ಲ. "ಮೊಸರು ಅನ್ನಕ್ಕ, ತತ್ತಿ ಹೊಟ್ಟಿಗೆ. ಹುಳಿಗೂ ಬಿಡಂಗಿಲ್ಲ, ಸೋಡಾಕ್ಕೂ ಬಿಡಂಗಿಲ್ಲ ಈ ಮಾಲು. ಸೋಡಾ ಹಾಕಿದ್ರ ಕೂದಲ ಹಾಳಾಗ್ತಾವ, ಮಾಲು ಅಲ್ಲೇ ಇರ್ತೈತಿ!" ಅವರ ಪ್ರಕಾರ ಉಪಾಯ ಒಂದೇ. ಚೆನ್ನಾಗಿ ನೊರೆ ಬರುವ, ಮೆತ್ತಗೆ ಮಾಡುವ ಯಾವ ವಸ್ತುವೂ ಇಲ್ಲದ ಸಾದಾ ಶಾಂಪೂ. ಅದರಿಂದ ಮತ್ತೆ ಮತ್ತೆ ತೊಳೆಯುವುದು.

ಆದರೆ ಸಾದಾ ಶಾಂಪೂ ಸಿಗಬೇಕಲ್ಲ! ಕಾಗವಾಡ, ಅಥಣಿ, ರಾಯಬಾಗ, ನಿಪ್ಪಾಣಿ, ಕಾಕಾ ಸ್ಕೂಟರ್ ಮೇಲೆ ಅಂಗಡಿ ಅಂಗಡಿ ತಿರುಗಿದರು. ಎಲ್ಲ ಕಡೆಯೂ ರೇಷ್ಮೆ, ಜೇನು, ಬಾದಾಮಿ, ಬೆಣ್ಣೆ! ಕೂದಲಿಗೋ, ಹೋಳಿಗೆಗೋ ತಿಳಿಯದ ಸ್ಥಿತಿ. ಕೊನೆಗೆ ಚಿಕ್ಕೋಡಿಗೆ ಬಂದು ತಮ್ಮ ಸ್ಟೂಲಿನ ಮೇಲೆ ಸೋತು ಕುಳಿತರು. ಅಂಗಡಿಯವನು ಒಳಗಿನ ಕಪಾಟಿನಿಂದ ಧೂಳು ಹಿಡಿದ ಒಂದು ಬಾಟಲಿ ತಂದ. ನೀರಿನಂತೆ ತಿಳಿಯಾದ ಶಾಂಪೂ.

"ಇದೊಂದೈತ್ರಿ ಸರ. ಯಾರೂ ತಗೊಳಂಗಿಲ್ರಿ. ಇದು ಬರೀ ತೊಳೀತೈತ್ರಿ, ಬ್ಯಾರೆ ಏನೂ ಮಾಡಂಗಿಲ್ಲ."

ಕಾಕಾ ಹಿಂಭಾಗ ಓದಿದರು. ಇನ್ನೊಮ್ಮೆ ಓದಿದರು. ಎದ್ದು ನಿಂತು ಅಂಗಡಿಯವನನ್ನು ಗಲ್ಲಾಪೆಟ್ಟಿಗೆಯ ಮೇಲಿಂದಲೇ ತಬ್ಬಿಕೊಂಡರು. "ಬರೀ ತೊಳಿಯೂದು! ಅದನ್ನ ಹುಡುಕಾಕತ್ತೀನೋ ತಮ್ಮಾ!"

ಮುಂದಿನ ರವಿವಾರ. ಬೋರ್‌ವೆಲ್ಲಿನ ಗಡಸು ನೀರು ಬೇಡವೆಂದು ಕಾಕಾ ಕುಡಿಯುವ ನೀರಿನ ಘಟಕದಿಂದ ಕ್ಯಾನುಗಟ್ಟಲೆ ನೀರು ತರಿಸಿದರು. ಘಟಕದವನು, "ಮನ್ಯಾಗ ಏನ್ ಕಾರ್ಯಕ್ರಮ ಐತ್ರಿ?" ಎಂದು ಕೇಳಿದನಂತೆ. "ತಲಿ ತೊಳಿಯೂ ಕಾರ್ಯಕ್ರಮ" ಎಂದರಂತೆ ಇವರು. ಪಾರ್ಲರ್ ಅಕ್ಕನೂ ಬಂದಳು, ಚೀಲದಲ್ಲಿ ಕತ್ತರಿಯೊಂದಿಗೆ. ಕಾಕಾ ಅವಳ ಕೈಗೇ ಬಾಟಲಿ ಕೊಟ್ಟರು. "ನೀವ ತೊಳೀರಿ. ಆಮ್ಯಾಲೆ ಮೋಸ ಅನ್ನಬಾರದು."

ಒಳಗೆ ಬಚ್ಚಲಲ್ಲಿ ಅವ್ವ, ಅಂಕಿತಾ, ಪಾರ್ಲರ್ ಅಕ್ಕ. ಹೊರಗೆ ಮುಚ್ಚಿದ ಬಾಗಿಲಿಗೆ ಕಿವಿಕೊಟ್ಟು ಕುರ್ಚಿಯ ಮೇಲೆ ಕಾಕಾ. ಅವರ ಹಿಂದೆ ನಾನು, ಕಾಕು, ತಮ್ಮ, ತಮ್ಮನ ಹೆಂಡತಿ, ಅಕ್ಕಪಕ್ಕದ ಹೆಂಗಸರು. ಹೆರಿಗೆ ಕೋಣೆಯ ಹೊರಗೂ ನಾನು ಇಷ್ಟು ಆತಂಕ ನೋಡಿಲ್ಲ!

"ನೊರಿ ಬಂತೇನ್ರಿ?"

"ಇಲ್ರಿ ಸರ! ಎಷ್ಟ ಹಾಕಿದ್ರೂ ಬರವಲ್ದು!"

"ಮೊದಲನೇ ಸಲ ಬರಂಗಿಲ್ಲ! ಮಾಲು ಶಾಂಪೂನ ನುಂಗಾಕತ್ತೈತಿ! ತೊಳದು ಇನ್ನೊಮ್ಮೆ ಹಚ್ರಿ! ಹಚ್ಚಿ ಸ್ವಲ್ಪ ಹೊತ್ತು ಬಿಡ್ರಿ!"

ಎರಡನೆಯ ಸಲ. "ಸ್ವಲ್ಪ ಬಂತ್ರಿ... ಹೋತ್ರಿ!"

ಕಾಕಾ ಅವರ ಬೋಳುತಲೆಯ ಮೇಲೆ ಬೆವರಿನ ಹನಿಗಳು ಮೂಡಿದವು. ದನಿ ಮಾತ್ರ ಜೋರಾಗಿತ್ತು. ಕಾಕು ನನ್ನ ಕಿವಿಯಲ್ಲಿ, "ಇದು ಆಗಲಿಲ್ಲಂದ್ರ ಇವರು ಊಟ ಬಿಡ್ತಾರ ನೋಡು" ಎಂದರು. ತಮಾಷೆಗೆ ಹೇಳಿದ್ದಲ್ಲ.

ಮೂರನೆಯ ಸಲ. ಒಳಗೆ ಸದ್ದಿಲ್ಲ. ಕಾಕಾ ಎದ್ದು ನಿಂತರು. ಕುಳಿತರು. ಮತ್ತೆ ಎದ್ದರು. ಆಗ ಒಳಗಿನಿಂದ ಪಾರ್ಲರ್ ಅಕ್ಕನ ಚೀರಾಟ: "ಸರಾ! ನೊರೀ! ಬುಟ್ಟಿಗಟ್ಟಲೆ ನೊರಿ ಬಂದೈತ್ರಿ! ಕೈಯಾಗ ಹಿಡದ್ರ ಕೂದಲ ಕಿರ್ರ್ ಅಂತಾವ್ರೀ!"

"ಕಿರ್ರ್ ಅಂತೇನು? ಕಿರ್ರ್!" ಕಾಕಾ ಕುರ್ಚಿಯನ್ನು ಕೆಡವಿ ಅಂಗಳಕ್ಕೆ ಓಡಿದರು. ಕಂಡವರಿಗೆಲ್ಲ, "ಕಿರ್ರ್ ಅಂತು! ಕಿರ್ರ್ ಅಂತು!" ಎಂದು ಸಾರಿದರು. ಓಣಿಯಲ್ಲಿ ಹೋಗುತ್ತಿದ್ದ ಒಬ್ಬ ರೈತ ಗಾಬರಿಯಾಗಿ, "ಎತ್ತಿನ ಬಂಡಿ ಅಚ್ಚು ಮುರೀತೇನ್ರಿ?" ಎಂದು ಕೇಳಿದ.

ಅವ್ವ ಹೊರಗೆ ಬಂದು ಬಿಸಿಲಿಗೆ ಕುಳಿತಳು. ಸಂಜೆಯವರೆಗೂ ಆರದಿದ್ದ ಕೂದಲು, ನಾವು ಚಹಾ ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ಆರತೊಡಗಿತು. ಆರಿದಂತೆಲ್ಲ ಎದ್ದು ನಿಂತಿತು, ಹರಡಿತು, ಗಾಳಿಗೆ ಹಾರಾಡಿತು. ಅರಳೆ ಹಿಂಜಿದ ಹಾಗೆ ಬೆಳ್ಳಗೆ, ಬೆನ್ನ ತುಂಬ, ಕುರ್ಚಿಯ ತುಂಬ! ನೆರೆಹೊರೆಯ ಹೆಂಗಸರು ಸುತ್ತ ನಿಂತು ಬಾಯಿ ಬಿಟ್ಟು ನೋಡಿದರು. ಕೆಂಪು ಶಾಯಿ ಪರೀಕ್ಷೆ ಮತ್ತೆ ನಡೆಯಿತು. ಈ ಸಲ ಅವ್ವನ ಕೂದಲು ತೊಳೆದ ಕೂಡಲೇ ಬೆಳ್ಳಗಾಯಿತು.

"ವೈನಿ ಫಸ್ಟ್ ಕ್ಲಾಸ್!" ಎಂದು ಕಾಕಾ ಚಪ್ಪಾಳೆ ತಟ್ಟಿದರು. ನಾವೆಲ್ಲ ತಟ್ಟಿದೆವು. ಪಾರ್ಲರ್ ಅಕ್ಕ ಕತ್ತರಿಯನ್ನು ಚೀಲದ ತಳಕ್ಕೆ ಸೇರಿಸಿ, ಖಾಲಿ ಬಾಟಲಿ ಹಿಡಿದು ಮೆಲ್ಲಗೆ ಕೇಳಿದಳು. "ಸರ, ಇದು ಎಲ್ಲಿ ಸಿಗತೈತ್ರಿ? ನಮ್ಮ ಪಾರ್ಲರಿಗೂ ಬೇಕಾಗಿತ್ತು." ಆ ಕ್ಷಣದಲ್ಲಿ ಕಾಕಾ ಅವರ ಎದೆ ಎಷ್ಟು ಉಬ್ಬಿತೆಂದರೆ ಅಂಗಿಯ ಗುಂಡಿಗಳ ಬಗ್ಗೆ ನನಗೆ ನಿಜಕ್ಕೂ ಚಿಂತೆಯಾಯಿತು. ಭಾಷಣ ಶುರುವಾಯಿತು. ಋಣ, ಧನ, ಪದರ, ಸ್ಟಿಕ್ಕರ್, ಎಲ್ಲ ಬಂದವು.

ಭಾಷಣ ರಂಗೇರಿದ್ದಾಗಲೇ ಅಂಕಿತಾ ಬಾಚಣಿಗೆ ತಂದು ಆಯಿಯ ನೆತ್ತಿಯಿಂದ ಕೆಳಗೆ ಎಳೆದಳು. "ಅಯ್ಯಯ್ಯ! ನಿಲ್ಲಬೇ!" ಎಂದು ಅವ್ವ ಚೀರಿದಳು. ಮೇಲಿನ ಹೊದಿಕೆಯೆಲ್ಲ ಹೋಗಿ ಬರಿದಾದ ಕೂದಲು ಒಂದಕ್ಕೊಂದು ಸಿಕ್ಕು ಬಿದ್ದಿತ್ತು. ಅವ್ವನ ಕಣ್ಣಲ್ಲಿ ನೀರು. ಅದನ್ನು ನೋಡಿ ಅಂಕಿತಾ ಬಾಚಣಿಗೆ ಕೆಳಗಿಟ್ಟು ತಾನೂ ಅಳತೊಡಗಿದಳು.

"ಆಯಿಗೆ ಎಳದ್ರ ನೋವಾಗ್ತೈತಿ ಅಜ್ಜಾ. ಅದಕ್ಕ ನಾ ಅದನ್ನ ಹಚ್ಚತಿದ್ದೆ. ಜಾಸ್ತಿ ಹಚ್ಚಿದ್ರ ಜಾಸ್ತಿ ಮೆತ್ತಗಾಗ್ತಾವ ಅಂತ..."

ಕಾಕಾ ಅವರ ಮಾತು ಅರ್ಧಕ್ಕೇ ನಿಂತಿತು. ಕಾಕಾ ಮಾತು ಅರ್ಧಕ್ಕೆ ನಿಲ್ಲಿಸಿದ್ದನ್ನು ನಾನು ಕಂಡಿರಲಿಲ್ಲ. ಅವರು ಬಂದು ಆ ಹುಡುಗಿಯ ತಲೆ ಸವರಿದರು. ಎಳೆ ಹಿಡಿದು ಉಜ್ಜಲಿಲ್ಲ. ಬರೀ ಸವರಿದರು.

"ಹಚ್ಚು ಮಗಳ. ನೀ ಹಚ್ಚಿದ್ದು ತಪ್ಪಲ್ಲ. ತುದಿಗಷ್ಟ ಹಚ್ಚು, ಹುಣಸಿ ಬೀಜದಷ್ಟು. ತಿಂಗಳಿಗೊಮ್ಮೆ ಇದರ್ಲೆ ತೊಳದು ತೆಗಿ. ಸಾಕು."

ಆಮೇಲೆ ಅವರು ಬಾಚಣಿಗೆ ಎತ್ತಿಕೊಂಡು, ಒಂದು ಮಣೆ ಎಳೆದು, ವೈನಿಯ ಹಿಂದೆ ಕುಳಿತರು.

"ಏ ಬ್ಯಾಡೋ. ಮಂದಿ ಏನಂದಾರು" ಎಂದಳು ಅವ್ವ.

ಕಾಕಾ ಬಾಚಣಿಗೆಯನ್ನು ಕೂದಲಿಗಿಟ್ಟರು. ತುದಿಯಿಂದ ಶುರು ಮಾಡಿದರು. ಒಂದು ಹಿಡಿ ಕೂದಲನ್ನು ಎಡಗೈಯಲ್ಲಿ ಗಟ್ಟಿಯಾಗಿ ಹಿಡಿದು, ಬೇರು ಎಳೆಯದಂತೆ, ಕೆಳಗಿನ ಸಿಕ್ಕು ಬಿಡಿಸಿ, ಆಮೇಲೆ ಸ್ವಲ್ಪ ಮೇಲೆ, ಮತ್ತೆ ಸ್ವಲ್ಪ ಮೇಲೆ. ಹೆಂಗಸರು ಒಬ್ಬೊಬ್ಬರಾಗಿ ಮನೆಗೆ ಹೋದರು. ಪಾರ್ಲರ್ ಅಕ್ಕ ಹೋದಳು. ಕಾಕಾ ಅವರ ಕೈ ನಿಲ್ಲಲಿಲ್ಲ.

ಅವ್ವ ಈ ಮನೆಗೆ ಸೊಸೆಯಾಗಿ ಬಂದಾಗ ಕಾಕಾ ಇನ್ನೂ ತಾಯಿಯಿಲ್ಲದ ಸಣ್ಣ ಹುಡುಗ. ಅವರನ್ನು ಎರೆದು, ಉಣಿಸಿ, ಬೆಳೆಸಿದವಳು ಅವಳೇ. ನಮಗೆಲ್ಲ ಗೊತ್ತಿರುವ ಸಂಗತಿ. ಆದರೆ ಅವರಿಬ್ಬರೂ ಅದರ ಬಗ್ಗೆ ಮಾತಾಡಿದ್ದನ್ನು ನಾನು ಎಂದೂ ಕೇಳಿರಲಿಲ್ಲ.

ಅವ್ವ ಕಣ್ಣು ಮುಚ್ಚಿಕೊಂಡೇ ಹೇಳಿದಳು: "ನಿನ್ನ ತಲಿ ಬಾಚಾಕ ಕುಂಡ್ರಿಸಿದ್ರ ಒಂದ ತಾವ ನಿಲ್ಲತಿದ್ದಿಲ್ಲ ನೀ. ಸಾಲಿಗೆ ಹೊತ್ತಾತು ಬಿಡು ವೈನಿ, ಬಿಡು ವೈನಿ ಅಂತ ಓಡಿ ಹೋಗತಿದ್ದಿ. ಈಗ ಹೊತ್ತಾಗವಲ್ದೇನು?"

ಕಾಕಾ ಒಂದು ಸಿಕ್ಕನ್ನು ಬೆರಳಿನಿಂದ ಮೆಲ್ಲಗೆ ಬಿಡಿಸಿದರು.

"ಇಲ್ಲ ವೈನಿ" ಎಂದರು. "ಇವತ್ತ ಸಾಲಿ ಸೂಟಿ."